ಹೋವರ್ಡ್ ಡ್ರೂ ಬಗ್ಗೆ ಬರೆಯಹೊರಟ ಗೆಳೆಯನಿಗೆ

ಪ್ರಿಯ ಗೆಳೆಯ,

ಮರೆತುಹೋದ ಓಟಗಾರರ ಬಗ್ಗೆ ಬರೆಯುತ್ತೀರಿ, ಅದನ್ನು ಅಮೆರಿಕದ ಕಪ್ಪು ಓಟಗಾರ ಹೋವರ್ಡ್ ಡ್ರೂ ಅವರಿಂದಲೇ ಶುರು ಮಾಡುತ್ತೀರಿ ಎಂದು ತಿಳಿದು ತುಂಬಾ ಸಂತೋಷವಾಯಿತು. ಆದರೆ ಜನಾಂಗದ ಮಾತಿಗೆ ಮೊದಲು ಅಂಕಿಗಳನ್ನು ಸರಿಮಾಡಿಕೊಳ್ಳಿ. ಅಂಕಿ ತಪ್ಪಿದರೆ, ಅನ್ಯಾಯದ ಬಗ್ಗೆ ನೀವು ಬರೆದ ನಿಜವನ್ನೂ ಯಾರೂ ನಂಬುವುದಿಲ್ಲ.

1914ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡ್ರೂ 9.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದು 100 ಗಜದ ಓಟ, ಅಂದರೆ 91.44 ಮೀಟರ್. ಇದನ್ನು ಮೀಟರ್ ಎಂದು ಬರೆದುಬಿಟ್ಟರೆ ಡ್ರೂ ನೇರವಾಗಿ 2009ರ ಬರ್ಲಿನ್‌ಗೆ, ಉಸೇನ್ ಬೋಲ್ಟ್‌ರ 100 ಮೀಟರ್ ವಿಶ್ವದಾಖಲೆ 9.58ರ ಪಕ್ಕಕ್ಕೆ ಬಂದು ನಿಲ್ಲುತ್ತಾರೆ! ಉಳಿದ 8.56 ಮೀಟರಿಗೆ ಆ ವೇಗದಲ್ಲಿ ಇನ್ನೂ 0.8ರಿಂದ 0.9 ಸೆಕೆಂಡು ಬೇಕು.

ಆ 9.6 ಕೂಡ ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಲೆಕ್ಕ. ಆಗಿನ ವಾಚುಗಳು ಸೆಕೆಂಡಿನ ಐದನೇ ಒಂದು ಭಾಗವನ್ನಷ್ಟೇ ತೋರಿಸುತ್ತಿದ್ದವು. ಅಷ್ಟರಲ್ಲಿ ಓಟಗಾರ ಎರಡು ಮೀಟರ್ ದಾಟಿರುತ್ತಾನೆ. ಗುರಿಯ ಬಳಿ ನಿಂತು ಸಮಯ ನೋಡುವವನು ಪಿಸ್ತೂಲಿನ ಹೊಗೆ ಕಂಡ ಕೂಡಲೇ ವಾಚು ಒತ್ತಬೇಕು. ಸದ್ದಿಗೆ ಕಾದರೆ, ಅದು 91 ಮೀಟರ್ ದಾಟಿ ಬರುವುದಕ್ಕೇ ಕಾಲು ಸೆಕೆಂಡು ಹಿಡಿಯುತ್ತದೆ. ಓಟಗಾರನಿಗೆ ಅಷ್ಟೂ ಪುಕ್ಕಟೆ ಲಾಭ. ಗಾಳಿಯ ವೇಗಕ್ಕೆ ಮಿತಿ ಇರಲಿಲ್ಲ. ಓಟ ಶುರುವಾಗುವಾಗ ಕಾಲೂರಿ ಒದೆಯುವ ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ, ಸಿಂಡರ್ (ಕಲ್ಲಿದ್ದಲ ಕಿಟ್ಟದ ಪುಡಿ) ಹಾಸಿದ ನೆಲದಲ್ಲಿ ಕರಣೆಯಿಂದ ಕುಳಿ ತೋಡಿ ಕಾಲಿಡುತ್ತಿದ್ದರು. ಹಾಗಾಗಿ ಎರಡು ಊರುಗಳ ಸಮಯವನ್ನು ಹೋಲಿಸಲು ಹೋಗಬೇಡಿ. ಒಂದೇ ಓಟದಲ್ಲಿ ಯಾರು ಯಾರಿಗಿಂತ ಎಷ್ಟು ಅಡಿ ಮುಂದಿದ್ದರು ಎಂಬುದನ್ನು ಹುಡುಕಿ, ಅದು ಹೆಚ್ಚು ಗಟ್ಟಿ. ಇದಕ್ಕೆ ಷಿಕಾಗೊ ಡಿಫೆಂಡರ್‌ನಂಥ ಕಪ್ಪು ಜನರ ವಾರಪತ್ರಿಕೆಗಳನ್ನೂ ಊರಿನ ಪತ್ರಿಕೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಡ್ರೂ 100 ಮೀಟರ್ ಸೆಮಿಫೈನಲ್ ಗೆದ್ದರು. ಆದರೆ ಕಾಲಿಗೆ ಪೆಟ್ಟಾಗಿ ಫೈನಲ್‌ನಲ್ಲಿ ಓಡಲಾಗಲಿಲ್ಲ. 10.8ರಲ್ಲಿ ಓಡಿದ ರಾಲ್ಫ್ ಕ್ರೇಗ್ ಚಿನ್ನ ಗೆದ್ದರು. ಇಲ್ಲಿ ಜನಾಂಗದ್ವೇಷವನ್ನು ತುರುಕುವ ಆಸೆ ಬರುತ್ತದೆ, ಬೇಡ. 1916ರ ಕೂಟವನ್ನು ಯುದ್ಧ ನುಂಗಿತು. ಡ್ರೂ ಮರೆವಿಗೆ ಸಂದದ್ದರಲ್ಲಿ ಇವೆರಡಕ್ಕೂ ದೊಡ್ಡ ಪಾಲಿದೆ.

ಇನ್ನೊಬ್ಬ ಕಪ್ಪು ಓಟಗಾರ ಜಾನ್ ಟೇಲರ್ ವಿಷಯದಲ್ಲೂ ಇದೇ ಎಚ್ಚರ ಇರಲಿ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಫೈನಲ್ ರದ್ದಾಗಿ, ಮತ್ತೆ ಓಡಿಸಿದಾಗ ಟೇಲರ್ ಓಡಲಿಲ್ಲ. ಅನರ್ಹಗೊಂಡವರು ಅವರ ಬಿಳಿಯ ಸಹ ಓಟಗಾರ ಕಾರ್ಪೆಂಟರ್. ಆ ತೀರ್ಪನ್ನು ಪ್ರತಿಭಟಿಸಿ ಟೇಲರ್ ಮತ್ತು ಇನ್ನೊಬ್ಬ ಅಮೆರಿಕನ್ ರಾಬಿನ್ಸ್ ಇಬ್ಬರೂ ಹಿಂದೆ ಸರಿದರು. ಮುಂದೆ ಟೇಲರ್ ಮೆಡ್ಲೆ ರಿಲೇಯಲ್ಲಿ (ಬೇರೆ ಬೇರೆ ದೂರಗಳ ರಿಲೇ) ಚಿನ್ನ ಗೆದ್ದರು. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ. ಅದೇ ಡಿಸೆಂಬರಿನಲ್ಲಿ ಟೈಫಾಯ್ಡ್ ಜ್ವರ ಅವರನ್ನು ಬಲಿ ತೆಗೆದುಕೊಂಡಿತು. ಆಗ 26 ವರ್ಷ.

ದ್ವೇಷ ಕಣ್ಣಿಗೆ ರಾಚುವ ಜಾಗಗಳು ಬೇರೆ ಇವೆ, ಅಲ್ಲಿ ಅದನ್ನು ಅಳುಕದೆ ಹೆಸರು ಹಿಡಿದು ಬರೆಯಿರಿ. 1932ರ ಲಾಸ್ ಏಂಜಲೀಸ್ ಕೂಟಕ್ಕೆ ಕಪ್ಪು ಓಟಗಾರ್ತಿಯರಾದ ಟೈಡಿ ಪಿಕೆಟ್ ಮತ್ತು ಲೂಯಿಸ್ ಸ್ಟೋಕ್ಸ್ ರಿಲೇಗೆಂದು ಆಯ್ಕೆಯಾಗಿ ಹೋದರು. ಓಡಿದ ನಾಲ್ವರೂ ಬಿಳಿಯರು. ದಾರಿಯಲ್ಲಿ ಡೆನ್ವರ್‌ನ ಹೋಟೆಲಿನಲ್ಲಿ ತಂಡ ಔತಣಕ್ಕೆ ಕೂತಿದ್ದಾಗ ಇವರಿಬ್ಬರ ಊಟ ಅವರ ಕೋಣೆಗೇ ಹೋಯಿತು.

ಇನ್ನೊಂದು ಮಾತು. ಚಿರತೆ, ಜಿಂಕೆ ಮುಂತಾದ ಹೋಲಿಕೆಗಳನ್ನು ದಯವಿಟ್ಟು ಕೈಬಿಡಿ. ಕಪ್ಪು ಓಟಗಾರನ ಗೆಲುವನ್ನು ಅಭ್ಯಾಸದಿಂದ ಕಿತ್ತು ಹುಟ್ಟಿಗೆ ಕಟ್ಟಿಹಾಕಿದ್ದು ಇಂಥ ಮಾತುಗಳೇ. ಹಿಮ್ಮಡಿಯ ಮೂಳೆಯೇ ಅವರ ವೇಗದ ಗುಟ್ಟು ಎಂಬ ವಾದ ಜೋರಾಗಿದ್ದ ಕಾಲದಲ್ಲಿ, ಹೋವರ್ಡ್ ವಿಶ್ವವಿದ್ಯಾಲಯದ ಅಂಗರಚನಾ ತಜ್ಞ ಮಾಂಟೆಗ್ಯು ಕಾಬ್, ಹೆಸರಾಂತ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್‌ರ ಕಾಲನ್ನು ಅಳೆದೇಬಿಟ್ಟರು. 'ನೀಗ್ರೋ ಮಾದರಿ' ಎನಿಸಿಕೊಂಡಿದ್ದ ಮೀನಖಂಡವಾಗಲಿ ಹಿಮ್ಮಡಿ ಮೂಳೆಯಾಗಲಿ ಓವೆನ್ಸ್‌ಗೆ ಇಲ್ಲ ಎಂದು 1936ರಲ್ಲಿ ಪ್ರಕಟಿಸಿದರು. ಗೊತ್ತಿಲ್ಲದವರು ಡ್ರೂ ಅವರನ್ನು ಬಿಳಿಯರೆಂದೇ ತಿಳಿಯುತ್ತಿದ್ದರು ಎಂದೂ ಅದರಲ್ಲೇ ಬರೆದರು. ನಿಮ್ಮ ಲೇಖನದಲ್ಲಿ ಕಾಬ್‌ಗೆ ಕನಿಷ್ಠ ಎರಡು ಪ್ಯಾರಾ ಕೊಡಿ. ಡ್ರೂ ಮುಂದೆ ಕಾನೂನು ಓದಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ವಕೀಲರಾದರು, ಅದನ್ನೂ ಬಿಡಬೇಡಿ. ಕರಡು ಸಿದ್ಧವಾದಾಗ ಕಳಿಸಿ, ಗಜ ಮೀಟರುಗಳನ್ನು ಒಟ್ಟಿಗೇ ನೋಡೋಣ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ