ಹಾರ್ಟ್‌ಫರ್ಡ್‌ನಿಂದ ಅಪ್ಪನಿಗೆ

ತೀರ್ಥರೂಪು ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ಅಕ್ಕನ ಕಾಗದ ಬಂತು. ನಿಮ್ಮ ಬಲಗೈ ನಡುಗುತ್ತಿದೆಯಂತೆ. ಪಾರ್ಕಿನ್ಸನ್ ಇರಬಹುದು, ಬೆಂಗಳೂರಿಗೆ ಹೋಗಿ ತೋರಿಸಿ ಅಂತ ಡಾಕ್ಟರು ಹೇಳಿದರೂ ನೀವು ಹೊರಡುತ್ತಿಲ್ಲವಂತೆ. ಜನರ ಮುಂದೆ ಕಾಫಿ ಲೋಟ ಹಿಡಿಯಲು ಸಂಕೋಚವಾಗಿ ಮಾವನ ಮನೆ ಗೃಹಪ್ರವೇಶಕ್ಕೂ ಹೋಗಲಿಲ್ಲವಂತೆ. ಓದಿದಾಗಿನಿಂದ ಕೆಲಸದಲ್ಲಿ ಮನಸ್ಸಿಲ್ಲ.

ಅಪ್ಪ, ಒಬ್ಬರ ವಿಷಯ ಬರೆಯುತ್ತೇನೆ, ಪೂರ್ತಿ ಓದಿ. ಚೆಸ್ಟರ್ ಬೌಲ್ಸ್ ಅಂತ. ಅಮೆರಿಕದಲ್ಲಿ ನಾವಿರುವ ಕನೆಕ್ಟಿಕಟ್ ರಾಜ್ಯಕ್ಕೆ 1949ರಿಂದ 1951ರವರೆಗೆ ಗವರ್ನರ್ ಆಗಿದ್ದವರು. ಇಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ, ಜನರ ಓಟಿನಿಂದ ಗೆದ್ದು ಬರಬೇಕು. ನಮ್ಮ ಮುಖ್ಯಮಂತ್ರಿ ಅನ್ನಿ. ಮೊದಲು ಜಾಹೀರಾತು ಕಂಪನಿ ಕಟ್ಟಿದವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಇಡೀ ದೇಶದ ಬೆಲೆ ನಿಯಂತ್ರಣ ನೋಡಿಕೊಂಡವರು. ಎರಡನೇ ಸಲ ಚುನಾವಣೆಯಲ್ಲಿ ಸೋತರು. ಮರುವರ್ಷವೇ ಅಮೆರಿಕದ ರಾಯಭಾರಿಯಾಗಿ ದೆಹಲಿಗೆ ಬಂದರು.

1952ರ ಅಕ್ಟೋಬರ್ 2ಕ್ಕೆ ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆಗೆ ಅಮೆರಿಕದ ಹಣ ಬರಲಿ ಎಂದು ಪಟ್ಟು ಹಿಡಿದವರು ಇವರೇ. ನೀವು ಸರ್ವಿಸೆಲ್ಲ ಕಳೆದ ಬ್ಲಾಕ್ ಆಫೀಸು ಆ ಯೋಜನೆಯಿಂದಲೇ ಹುಟ್ಟಿದ್ದಲ್ಲವೇ? ಅವರ ಮಕ್ಕಳು ಸೈಕಲ್ ತುಳಿದುಕೊಂಡು ದೆಹಲಿಯ ಹುಡುಗರ ಜೊತೆ ಶಾಲೆಗೆ ಹೋಗುತ್ತಿದ್ದರು. ನನ್ನ ಆಫೀಸಿನಲ್ಲಿ ಈ ಊರಿನವರಿಗೇ ಇದೆಲ್ಲ ಗೊತ್ತಿಲ್ಲ, ನಾನೇ ಹೇಳುತ್ತೇನೆ. ಹೇಳುವಾಗ ನಿಮ್ಮ ಕೆಲಸದ ವಿಷಯವೂ ಬರುತ್ತದೆ.

1961ರಲ್ಲಿ ಅಧ್ಯಕ್ಷ ಕೆನಡಿಯ ಸರ್ಕಾರದಲ್ಲಿ ವಿದೇಶಾಂಗ ಖಾತೆಯ ಎರಡನೇ ಸ್ಥಾನ ಸಿಕ್ಕಿತು. ಕ್ಯೂಬಾದ ಮೇಲೆ ದಾಳಿ ಬೇಡ ಅಂದರು. ಆ ವರ್ಷವೇ ಆ ಕುರ್ಚಿಯೂ ಹೋಯಿತು. 1963ರಲ್ಲಿ ಮತ್ತೆ ರಾಯಭಾರಿಯಾಗಿ ದೆಹಲಿಗೆ ಬಂದರು. ಆ ಅವಧಿಯಲ್ಲೇ ಅವರಿಗೆ ಇದೇ ಪಾರ್ಕಿನ್ಸನ್ ಇರುವುದು ಗೊತ್ತಾಗಿದ್ದು! ಆದರೂ 1969ರವರೆಗೆ ಹುದ್ದೆ ಬಿಡಲಿಲ್ಲ. ನೀವು ಶಾಲೆಯಲ್ಲಿ ಅಮೆರಿಕದ ಗೋಧಿ ಉಪ್ಪಿಟ್ಟು ತಿನ್ನುತ್ತಿದ್ದ ಬರಗಾಲದಲ್ಲಿ, ಗೋಧಿ ಕಳಿಸಿ ಅಂತ ವಾಷಿಂಗ್ಟನ್‌ಗೆ ಒತ್ತಾಯ ಮಾಡುತ್ತಿದ್ದವರು ಇವರು. 1967ರ ಮಾರ್ಚ್‌ನಲ್ಲಿ ರಷ್ಯಾದ ಸರ್ವಾಧಿಕಾರಿಯಾಗಿದ್ದ ಸ್ಟಾಲಿನ್‌ನ ಮಗಳು ಆಶ್ರಯ ಕೇಳಿಕೊಂಡು ರಾಯಭಾರ ಕಚೇರಿಗೆ ಬಂದಾಗ, ರಾತ್ರಿ ಬೆಳಗಾಗುವುದರೊಳಗೆ ವಿಮಾನ ಹತ್ತಿಸಿ ಕಳಿಸಿದವರೂ ಇವರೇ. ಕಾಯಿಲೆ ಮೈಯಲ್ಲಿತ್ತು, ಆದರೂ ಯಾರ ಕಣ್ಣಿಗೂ ಬೀಳಬಾರದು ಅಂತ ಮನೆಯೊಳಗೆ ಕೂರಲಿಲ್ಲ. ಅವರು ತೀರಿಕೊಂಡದ್ದು 1986ರಲ್ಲಿ, ನಮ್ಮ ಕನೆಕ್ಟಿಕಟ್ ನದಿ ಹರಿದುಹೋಗುವ ದಾರಿಯಲ್ಲಿ ಕೆಳಗಿರುವ ಎಸೆಕ್ಸ್ ಊರಿನಲ್ಲಿ, 85ನೇ ವಯಸ್ಸಿಗೆ.

ಅವರಿಗೆ ಕಾಯಿಲೆ ಗೊತ್ತಾದಾಗ ಇನ್ನೂ ಒಳ್ಳೆಯ ಮಾತ್ರೆಯೇ ಬಂದಿರಲಿಲ್ಲ, ಈಗ ಇದೆ. ಬರುವ ವಾರವೇ ಭಾವನ ಜೊತೆ ನಿಮ್ಹಾನ್ಸ್‌ಗೆ ಹೊರಡಿ. ದುಡ್ಡು ಅಕ್ಕನ ಖಾತೆಗೆ ಹಾಕಿದ್ದೇನೆ, ನನಗೇನೂ ಕಷ್ಟವಿಲ್ಲ, ಸಾಲ ಮಾಡಿಲ್ಲ, ಅಮ್ಮನಿಗೂ ಹೇಳಿ. ನಿಮಗೆ ಏನೂ ಆಗುವುದಿಲ್ಲ. ಬರೀ ನಡುಕವೂ ಇರಬಹುದು. ನಾನು ಸ್ವಲ್ಪವೂ ಗಾಬರಿಯಾಗಿಲ್ಲ, ನೀವೂ ಆಗಬೇಡಿ.

ಮಗುವಿನ ಸ್ಕೂಲ್ ಬಸ್ಸು ಬರುವ ಹೊತ್ತಾಯಿತು. ಹೊರಡುವ ದಿನ ಭಾವನ ಕೈಲಿ ಫೋನು ಮಾಡಿಸಿ. ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗ
ಪುಟ್ಟು