ಸ್ಕೌಟಿಂಗ್: ಗಂಟು ಕಲಿಸುವುದು ಸುಲಭ, ಕಾಗದ ಕಷ್ಟ

ಮಾನ್ಯ ಸಂಪಾದಕರೇ,

ಸ್ಕೌಟಿಂಗ್ ಸುಮ್ನೆ ಕಾಲಹರಣ ಎನ್ನುವವರಿದ್ದಾರೆ. ಮಕ್ಕಳನ್ನು ತಿದ್ದಲು ಅದೊಂದೇ ಮದ್ದು ಎನ್ನುವವರೂ ಇದ್ದಾರೆ. ಮೊದಲು ಸ್ಕೌಟ್ ಆಗಿ, ಆಮೇಲೆ ವರ್ಷಗಟ್ಟಲೆ ದಳ ನಡೆಸಿದ ನಾನು ಎರಡನ್ನೂ ಒಪ್ಪಲಾರೆ.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಮೊದಲ ಶಿಬಿರ ನಡೆಸಿದಾಗಲೇ ಹುಡುಗರನ್ನು ಸಣ್ಣ ಗುಂಪುಗಳಾಗಿ ಹಂಚಿ, ಅವರಲ್ಲೇ ಒಬ್ಬೊಬ್ಬನಿಗೆ ಮುಂದಾಳುತನ ಕೊಟ್ಟಿದ್ದರು. ನನಗೆ ಇಂದಿಗೂ ಹಿಡಿಸುವುದು ಇದೇ. ದೊಡ್ಡ ಹುಡುಗಿಯೊಬ್ಬಳು ಚಿಕ್ಕವನ ಪಕ್ಕ ಕೂತು ಹಗ್ಗದ ಎರಡು ತುದಿ ಸೇರಿಸುವ ರೀಫ್ ಗಂಟು ಹೇಳಿಕೊಡುವುದನ್ನು ನೋಡಬೇಕು. ಬಲತುದಿ ಎಡದ ಮೇಲೆ, ಆಮೇಲೆ ಎಡತುದಿ ಬಲದ ಮೇಲೆ. ಎರಡು ಸಲವೂ ಒಂದೇ ರೀತಿ ಸುತ್ತಿದರೆ ಗಂಟು ಜಾರುತ್ತದೆ. ಬೈಯೋಕೆ ಯಾರೂ ಬೇಕಿಲ್ಲ, ತಪ್ಪನ್ನು ಹಗ್ಗವೇ ತೋರಿಸುತ್ತದೆ. ಚಿಕ್ಕವನು ಮತ್ತೆ ಬಿಚ್ಚಿ ಕಟ್ಟುತ್ತಾನೆ.

ನನಗೆ ಬೇಸರ ತಂದದ್ದು ಸೋರುವ ಟೆಂಟಲ್ಲ, ಕಾಗದ. ಒಪ್ಪಿಗೆ ಪತ್ರ, ವರದಿ, ಖರ್ಚಿನ ಲೆಕ್ಕ. ಸುರಕ್ಷತೆಯ ನಿಯಮಗಳು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲವೂ ಸಂಬಳವಿಲ್ಲದ ಒಬ್ಬರ ತಲೆಗೇ ಬಂದರೆ ಅವರು ಎಷ್ಟು ದಿನ ಉಳಿಯುತ್ತಾರೆ?

ಇನ್ನೊಂದು, ಒಂದೊಂದು ಕೆಲಸ ಕಲಿತದ್ದಕ್ಕೆ ಕೊಡುವ ಬ್ಯಾಡ್ಜ್‌ಗಳ ಹುಚ್ಚು. ಒಲೆ ಹೊತ್ತಿಸಲು ಬಾರದ ಮಗುವಿನ ತೋಳಲ್ಲಿ ಅಡುಗೆ ಬ್ಯಾಡ್ಜ್ ನೋಡಿದ್ದೇನೆ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕೆಲವರು ನಾಪತ್ತೆ. ಮಕ್ಕಳನ್ನಲ್ಲ, ಅವಸರ ಮಾಡುವ ಹಿರಿಯರನ್ನು ಕೇಳಬೇಕು, ಅಲ್ವಾ?

ಬ್ಯಾಡ್ಜ್ ಪರೀಕ್ಷೆ ಹಾಲ್‌ನೊಳಗೆ ಬೇಡ, ಶಿಬಿರದಲ್ಲೇ ನಡೆಯಲಿ. ಪ್ರತಿ ದಳದಲ್ಲೂ ಪೋಷಕರೊಬ್ಬರು ಲೆಕ್ಕಪತ್ರ ವಹಿಸಿಕೊಳ್ಳಲಿ.

– ಮಾಜಿ ಸ್ಕೌಟ್ ಶಿಕ್ಷಕ