ಆ ಫ್ಲಾಸ್ಕು ಉಳಿಸಿದ ಅಣ್ಣನಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿ, ಮೆಸೇಜ್ ಕಳಿಸಿ ಖುಷಿಪಟ್ಟ ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಬ್ಬರ ಋಣ ಇಲ್ಲಿ ಬಿಡಿಸಿ ಹೇಳಲೇಬೇಕು.

ಬೆಂಗಳೂರಿನ ಕೆಂಗೇರಿ ಹತ್ತಿರ ವೃಷಭಾವತಿ ನದಿಯ ಕೆಸರಿನಿಂದ ತಂದ ಬ್ಯಾಕ್ಟೀರಿಯಾ ಕ್ರೋಮಿಯಂ ವಿಷವನ್ನು ಹೇಗೆ ತಡೆದುಕೊಳ್ಳುತ್ತದೆ ಅನ್ನೋದು ನನ್ನ ಕೆಲಸ. ಕ್ರೋಮಿಯಂನ ವಿಷಕಾರಿ ರೂಪ ಕ್ರೋಮಿಯಂ 6, ಅದು ನೀರಲ್ಲಿ ಕ್ರೋಮೇಟ್ ಆಗಿರುತ್ತದೆ. ಕ್ರೋಮೇಟ್‌ನ ಆಕಾರ ಸಲ್ಫೇಟ್ ಥರವೇ. ಬ್ಯಾಕ್ಟೀರಿಯಾ ಬದುಕೋಕೆ ಗಂಧಕ ಬೇಕು, ಅದನ್ನು ಹೆಚ್ಚಾಗಿ ಸಲ್ಫೇಟ್‌ನಿಂದಲೇ ಪಡೆಯುತ್ತವೆ, ಅಲ್ವಾ? ಅದಕ್ಕೆಂದು ಇಟ್ಟ ಬಾಗಿಲಲ್ಲೇ ಈ ವಿಷವೂ ನುಗ್ಗುತ್ತದೆ. ಒಳಗೆ ಡಿಎನ್‌ಎಗೂ ಪ್ರೋಟೀನುಗಳಿಗೂ ಪೆಟ್ಟು. ಕೆಲವು ಬ್ಯಾಕ್ಟೀರಿಯಾ ಅದನ್ನು ಪಂಪ್ ಮಾಡಿ ಹೊರಗೆ ತಳ್ಳುತ್ತವೆ. ಕೆಲವು ಎಲೆಕ್ಟ್ರಾನ್ ಕೊಟ್ಟು ಕ್ರೋಮಿಯಂ 6 ಅನ್ನು ಕ್ರೋಮಿಯಂ 3 ಆಗಿ ಬದಲಾಯಿಸುತ್ತವೆ. ಈ 3 ನೀರಲ್ಲಿ ಅಷ್ಟಾಗಿ ಕರಗಲ್ಲ, ವಿಷವೂ ಎಷ್ಟೋ ಕಡಿಮೆ.

ಎರಡನೇ ವರ್ಷ ಇದ್ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಕ್ರೋಮೇಟ್ ಬೆರೆಸಿದ ಹಳದಿ ದ್ರಾವಣಕ್ಕೆ ಬ್ಯಾಕ್ಟೀರಿಯಾ ಹಾಕಿ 24 ಗಂಟೆ ಕಾಯುತ್ತಿದ್ದೆ. ಬೆಳೆದರೆ ಮಬ್ಬಾಗಬೇಕು, ಆದರೆ ಫ್ಲಾಸ್ಕು ತಿಳಿಯಾಗೇ ಇರುತ್ತಿತ್ತು. ಸತ್ತಿದೆ ಅಂತ, ಆಟೋಕ್ಲೇವಿಗೆ (ಬಿಸಿ ಹಬೆಯಲ್ಲಿ ಜೀವಾಣುಗಳನ್ನೆಲ್ಲ ಕೊಲ್ಲುವ ಯಂತ್ರ) ಹೋಗುವ ಡಿಸ್ಕಾರ್ಡ್ ಸಾಲಿನಲ್ಲಿ ಇಡುತ್ತಿದ್ದೆ. ಅದೇ ಹೊತ್ತಿಗೆ ಅಪ್ಪನಿಗೆ ಹುಷಾರಿರಲಿಲ್ಲ. ಬಿಟ್ಟುಬಿಡುತ್ತೇನೆ ಅಂತ ಗೈಡ್‌ಗೆ ಪತ್ರ ಕೊಟ್ಟಿದ್ದೆ. ಅವರು ಅದನ್ನು ಡ್ರಾಯರಿನಲ್ಲಿಟ್ಟು ಸುಮ್ನಿದ್ದರು. ಅದಕ್ಕೂ ನಾನು ಋಣಿ.

ಒಂದು ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಅಣ್ಣ ಫೋನ್ ಮಾಡಿದರು. "ಮೇಡಂ, ಶುಕ್ರವಾರ ನೀವು ಇಟ್ಟಿದ್ರಲ್ಲ, ಅದ್ರಲ್ಲಿ ಒಂದರ ಹಳದಿ ಹೋಗ್ಬಿಟ್ಟಿದೆ. ಮಬ್ಬಾಗಿದೆ. ಆಟೋಕ್ಲೇವಿಗೆ ಹಾಕ್ಲಾ, ಇಡ್ಲಾ?"

"ಇಡಿ" ಅಂದೆ. ಬಸ್ಸು ಹತ್ತಿದ್ದು ನೆನಪಿಲ್ಲ.

ಬ್ಯಾಕ್ಟೀರಿಯಾ ಹಾಕದ ಫ್ಲಾಸ್ಕು ಹಳದಿಯಾಗೇ ಇತ್ತು. ಕ್ರೋಮಿಯಂ 6 ಪತ್ತೆಹಚ್ಚುವ ಡೈಫಿನೈಲ್‌ಕಾರ್ಬಜೈಡ್ ಅನ್ನೋ ರಾಸಾಯನಿಕ ಬೆರೆಸಿದಾಗ ಅದು ನೇರಳೆಗೆ ತಿರುಗಿತು. ಅಣ್ಣ ಎತ್ತಿಟ್ಟಿದ್ದು ತಿರುಗಲಿಲ್ಲ. ಅಳೆಯುವಷ್ಟು ಕ್ರೋಮಿಯಂ 6 ಅದರಲ್ಲಿ ಉಳಿದಿರಲಿಲ್ಲ! ನಾನು ಸತ್ತಿದೆ ಅಂದುಕೊಂಡ ಆ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯೋದನ್ನು ನಿಲ್ಲಿಸಿ, ಪೆಟ್ಟಾದ ಡಿಎನ್‌ಎ ಸರಿಮಾಡಿಕೊಳ್ಳುತ್ತಾ, ಬೇಕಾದ ಪ್ರೋಟೀನು ತಯಾರಿಸಿಕೊಳ್ಳುತ್ತಾ ಇತ್ತು. ಆಮೇಲೆ ಪ್ರತಿ ಪ್ರಯೋಗಕ್ಕೂ 96 ಗಂಟೆ ಕಾದೆ. ಥೀಸಿಸ್‌ನ ಮೂರನೇ ಅಧ್ಯಾಯ ಪೂರ್ತಿ ಆ ಕಾಯುವ ಗಂಟೆಗಳದ್ದೇ.

ಆ ದಿನ ಅವರು ಕೇಳದೆ ಆಟೋಕ್ಲೇವಿಗೆ ಹಾಕಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರ ಕೆಲಸವೇ ಅದು. ಆದರೂ ಪ್ರತಿ ಫ್ಲಾಸ್ಕನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಅಣ್ಣಾ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬೈಂಡಿಂಗ್ ಆಗಿ ಬಂದ ಮೊದಲ ಪ್ರತಿ ಅವರ ಕೈಗೇ ಕೊಟ್ಟೆ. ತಮ್ಮ ಹೆಸರಿರುವ ಪುಟದ ಫೋಟೊ ತೆಗೆದುಕೊಂಡರು. ಆಮೇಲೆ ಹಾಳೆ ತಿರುವುತ್ತಾ, "ನಮ್ ಫ್ಲಾಸ್ಕ್ ಎಲ್ಲಿದೆ ಮೇಡಂ?" ಅಂತ ಹುಡುಕತೊಡಗಿದರು.